ಸರ್ಜನ್ ಗೆದ್ದರೆ ರೋಗ ವಾಸಿಯಾಗುತ್ತದೆಯೆ?

ಚುನಾವಣೆ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಚಾದಂಗಡಿಗಳಲ್ಲಿ ಒಂದು ಮಾತು ಕಿವಿಗೆ ಬೀಳುತ್ತದೆ. 'ಕಲಿತವರು ಬರಬೇಕು ಮಾರಾಯ್ರೆ. ಡಾಕ್ಟರು ನಿಂತ್ರೆ ಒಳ್ಳೇದು, ಬಡವರ ಕಷ್ಟ ಅವರಿಗೆ ಗೊತ್ತಿರ್ತದೆ.' 2024ರ ಲೋಕಸಭಾ ಚುನಾವಣೆಯಲ್ಲಿ ವೈದ್ಯೆ ಅಂಜಲಿ ನಿಂಬಾಳ್ಕರ್ ಈ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನಿಂದ ನಿಂತರು. ಬಿಜೆಪಿಯ ವಿಶ್ವೇಶ್ವರ ಹೆಗಡೆ ಕಾಗೇರಿ ಗೆದ್ದರು. ಯಾರು ಗೆದ್ದರು, ಯಾರು ಸೋತರು ಎಂಬುದು ನಮ್ಮ ಚರ್ಚೆಯಲ್ಲ. ಚಾದಂಗಡಿಯ ಆ ಮಾತನ್ನೇ ನಾವು ಬಿಚ್ಚಿ ನೋಡಬೇಕಾಗಿದೆ. ಅದರಲ್ಲಿ ಡಾಕ್ಟರ ಮೇಲಿನ ಭಕ್ತಿ ಇದೆ, ರಾಜಕೀಯ ಪ್ರಜ್ಞೆ ಇಲ್ಲ.

ನಮ್ಮಲ್ಲಿ ಡಾಕ್ಟರು ಸೋತರು. ಕಲಬುರಗಿಯಲ್ಲಿ ಗೆದ್ದರು. ಹಾಗಾಗಿ ಗೆದ್ದ ಮೇಲೆ ಏನಾಗುತ್ತದೆ ಅನ್ನೋದಕ್ಕೆ ಆ ಕಡೆಯೇ ನೋಡಬೇಕು.

ಡಾ. ಉಮೇಶ್ ಜಾಧವ್ ಲಂಬಾಣಿ ಸಮುದಾಯದವರು. ಎಂಬಿಬಿಎಸ್, ಎಂಎಸ್ ಓದಿ ಸರ್ಕಾರಿ ಸರ್ಜನ್ ಆಗಿದ್ದವರು. ತಾಂಡಾದ ಜನ ಕಬ್ಬು ಕಡಿಯಲು, ಕಲ್ಲು ಒಡೆಯಲು ಗುಳೆ ಹೋಗುವ ನಾಡಿನಲ್ಲಿ ಅದೇ ಸಮುದಾಯದವನೊಬ್ಬ ಆಪರೇಷನ್ ಥಿಯೇಟರಿನಲ್ಲಿ ಕತ್ತಿ ಹಿಡಿದು ನಿಂತದ್ದು ಸಣ್ಣ ಸಂಗತಿಯಲ್ಲ. ಮುಟ್ಟಿದರೆ ಮೈಲಿಗೆ ಎಂದವರೇ ಮೈ ಒಪ್ಪಿಸಿ ಮಲಗಬೇಕಾದ ಜಾಗ ಅದು. ಅಂಥ ಜಾಗಕ್ಕೆ ನಮ್ಮ ಮಕ್ಕಳು ಹೋಗುವ ದಾರಿಯನ್ನು ಯಾವ ಮಠವೂ ಮಾಡಿಕೊಡಲಿಲ್ಲ. ಬಾಬಾಸಾಹೇಬರ ಸಂವಿಧಾನ ಮಾಡಿಕೊಟ್ಟಿತು. ಆದ್ದರಿಂದ ಆ ಗೆಲುವು ನಮ್ಮೆಲ್ಲರದು.

ಮುಂದಿನದನ್ನು ನೋಡಿ. 2013ರಲ್ಲಿ ಚಿಂಚೋಳಿಯಿಂದ ಕಾಂಗ್ರೆಸ್ ಶಾಸಕ. 2018ರಲ್ಲಿ ಮತ್ತೆ ಅದೇ ಪಕ್ಷದಿಂದ. 2019ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟು ಬಿಜೆಪಿ. ಅದೇ ವರ್ಷ ಗುಲ್ಬರ್ಗ ಮೀಸಲು ಲೋಕಸಭಾ ಕ್ಷೇತ್ರದಲ್ಲಿ ಮಲ್ಲಿಕಾರ್ಜುನ ಖರ್ಗೆಯವರನ್ನು 95,452 ಮತಗಳಿಂದ ಸೋಲಿಸಿದರು. ಖರ್ಗೆಯವರಿಗೆ ಅದು ಮೊದಲ ಚುನಾವಣಾ ಸೋಲು. ತೆರವಾದ ಚಿಂಚೋಳಿಗೆ ಬಂದವರು ಮಗ ಅವಿನಾಶ್ ಜಾಧವ್, ಅವರೂ ಡಾಕ್ಟರೇ. 2024ರಲ್ಲಿ ತಂದೆ ರಾಧಾಕೃಷ್ಣ ದೊಡ್ಡಮನಿಯವರಿಗೆ ಸೋತರು. ರಾಧಾಕೃಷ್ಣ ಖರ್ಗೆಯವರ ಅಳಿಯ. ಇಲ್ಲಿ ಮಗ, ಅಲ್ಲಿ ಅಳಿಯ!

ನಾವು ಒಬ್ಬ ವ್ಯಕ್ತಿಯನ್ನು ಹಳಿಯಲು ಇದನ್ನು ಬರೆಯುತ್ತಿಲ್ಲ. ಕೇಳುವುದಿಷ್ಟೆ: ಸರ್ಜನ್ ಒಂದು ಪಕ್ಷದಿಂದ ಇನ್ನೊಂದಕ್ಕೆ ಹೋಗುವಾಗ ತಾಂಡಾದವರನ್ನು, ಕೇರಿಯವರನ್ನು ಕೂರಿಸಿ ಕೇಳುವ ಪದ್ಧತಿ ಯಾವ ಪಕ್ಷದಲ್ಲಿದೆ? ಪರಿಶಿಷ್ಟರ ಪಟ್ಟಿಯ ಒಬ್ಬರನ್ನು ಅದೇ ಪಟ್ಟಿಯ ಇನ್ನೊಬ್ಬರ ಎದುರು ನಿಲ್ಲಿಸಿ ದೂರ ಕೂತು ನೋಡುವವರು ಯಾರು? 1932ರ ಪೂನಾ ಒಪ್ಪಂದದಲ್ಲಿ ನಮಗೆ ಸೀಟು ಸಿಕ್ಕಿತು, ಆರಿಸುವ ಕೈ ಮಾತ್ರ ಬೇರೆಯವರದಾಯಿತು. ಮೀಸಲು ಕ್ಷೇತ್ರದಲ್ಲಿ ನಿಲ್ಲುವವನು ನಮ್ಮವನು. ಟಿಕೇಟು, ದುಡ್ಡು, ಗೆಲ್ಲಿಸುವ ಮತ ಯಜಮಾನರದು. ಅವನು ಯಾರ ಮಾತು ಕೇಳಬೇಕು, ನೀವೇ ಹೇಳಿ.

ಇದು ಕಲಬುರಗಿಯ ಮಾತು ಮಾತ್ರ ಅಂತ ತಿಳೀಬೇಡಿ. ನಮ್ಮ ಶಿರಸಿ ವಿಧಾನಸಭಾ ಕ್ಷೇತ್ರವೂ 1978ರಿಂದ 2008ರ ಮರುವಿಂಗಡಣೆಯವರೆಗೆ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು. ಮೂವತ್ತು ವರ್ಷ ನಮ್ಮವರು ಶಾಸಕರಾದರು, ಅಡಿಕೆ ತೋಟದ ಯಜಮಾನಿಕೆ ಒಂದು ಗೇಣೂ ಅಲುಗಲಿಲ್ಲ. ಸಿದ್ದಿ ಜನ 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಸಂತೋಷವೇ. ಆದರೆ ನಾಮಕರಣ ಮಾಡುವ ಕೈಯಲ್ಲೇ ಅಧಿಕಾರ ಉಳಿದಿದೆ.

ಈಗ ರೋಗಕ್ಕೆ ಬನ್ನಿ. ಮಂಗನ ಕಾಯಿಲೆ 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. 2024ರಲ್ಲೂ ಸಿದ್ದಾಪುರ ತಾಲೂಕಿನಲ್ಲಿ ಜೀವ ತೆಗೆಯಿತು. ಹಳೆಯ ಲಸಿಕೆಯಿಂದ ಸಾಕಷ್ಟು ಉಪಯೋಗವಿಲ್ಲವೆಂದು 2022ರಲ್ಲಿ ನಿಲ್ಲಿಸಿದರು. ಹೊಸದು ಕೈಗೆ ಬರುವ ಮೊದಲೇ ಜ್ವರ ಬಂತು. ಉಣುಗು ಕಚ್ಚುವುದು ಯಾರನ್ನು? ದರಕು ಗುಡಿಸಲು, ಸೊಪ್ಪು ಕಡಿಯಲು, ಸೌದೆ ತರಲು ಕಾಡಿಗೆ ಹೋದವರನ್ನು. ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಬಂದಿದೆ. ಅದೇ ಕಾಡಿನಂಚಿನಲ್ಲಿ ಗುಡಿಸಲು ಹಾಕಿದ ದಲಿತನಿಗೆ 2006ರ ಅರಣ್ಯ ಹಕ್ಕು ಕಾಯ್ದೆ 75 ವರ್ಷದ ದಾಖಲೆ ತಾ ಅನ್ನುತ್ತದೆ. ಸೊಪ್ಪು ತೋಟಕ್ಕೆ, ಜ್ವರ ಕೂಲಿಗೆ. ಇದನ್ನು ಯಾವ ಸರ್ಜನ್ನನ ಕತ್ತಿ ಕೊಯ್ದು ತೆಗೆದೀತು?

ಕೊಯ್ದು ತೆಗೆಯಬಹುದಾದ ರೋಗಕ್ಕೂ ಇಲ್ಲಿ ದಾರಿಯೇ ಗತಿ. ಮೆಡಿಕಲ್ ಕಾಲೇಜು ಘಟ್ಟದ ಕೆಳಗೆ ಕಾರವಾರದಲ್ಲಿ. ರೋಗ ಜೋರಾದರೆ ಹುಬ್ಬಳ್ಳಿ, ಇಲ್ಲವೆ ಮಣಿಪಾಲ, ಮಂಗಳೂರು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಕುಂದಾಪುರದ ಕಡೆ ಓಡಿದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿಗೆ ಬಡಿದು ನಾಲ್ವರು ಸತ್ತರು. ಆಗ ಜಿಲ್ಲೆಯೇ ಎದ್ದು ಆಸ್ಪತ್ರೆ ಕೇಳಿತು. ಆ ಕೂಗು ಯಾವ ಡಾಕ್ಟರ ಅಪ್ಪಣೆಗೂ ಕಾಯಲಿಲ್ಲ.

ಗೆಳೆಯರೆ, ಆಪರೇಷನ್ ಒಬ್ಬನ ಕೆಲಸವಲ್ಲ. ಅರಿವಳಿಕೆ ಕೊಡುವವರು ಬೇಕು, ನರ್ಸ್ ಬೇಕು, ರಕ್ತ ಬೇಕು, ಕರೆಂಟು ಬೇಕು, ನೆಲದ ನೆತ್ತರು ಒರೆಸುವ ನಮ್ಮ ಅಕ್ಕ ತಂಗಿಯರೂ ಬೇಕು. ರಾಜಕೀಯವೂ ಹಾಗೆಯೇ. ಒಬ್ಬ ಒಳ್ಳೆಯವನನ್ನು ಕಳಿಸಿ ಮನೆಗೆ ಬಂದು ಮಲಗಿದರೆ ಆಗುವ ಕೆಲಸವಲ್ಲ.

ಮುಂದಿನ ಸಲ ಬಿಳಿ ಕೋಟು ಮತ ಕೇಳಲು ಬಂದರೆ ಕೈ ಮುಗಿಯಬೇಡಿ, ಕೂರಿಸಿ ಕೇಳಿ. ತಾಲೂಕು ಆಸ್ಪತ್ರೆಯಲ್ಲಿ ರಾತ್ರಿಯೂ ಸಿಸೇರಿಯನ್ ಆಗುವಂತೆ ಮಾಡ್ತೀರಾ? ಕೂಲಿಯವಳಿಗೆ ಉಣುಗು ಕಚ್ಚಿದರೆ ಪರಿಹಾರ ಯಾರು ಕೊಡ್ತಾರೆ, ತೋಟದವರೋ ಸರ್ಕಾರವೋ? ಅರಣ್ಯ ಭೂಮಿಯ ಅರ್ಜಿ ಯಾಕೆ ತಿರಸ್ಕಾರವಾಯಿತು? ಪಕ್ಷ ಬಿಡುವ ಮುಂಚೆ ನಮ್ಮ ಕೇರಿಗೆ ಬಂದು ಕೇಳ್ತೀರಾ? ಮೇಷ್ಟ್ರುಗಳು ಈ ಪ್ರಶ್ನೆಗಳನ್ನು ಬರೆದು ಕೊಡಲಿ, ವಿದ್ಯಾರ್ಥಿಗಳು ಕೇರಿ ಕೇರಿಗೆ ಒಯ್ಯಲಿ. ಉತ್ತರ ಕೊಡದವರು ಡಾಕ್ಟರಾದರೇನು, ವಕೀಲರಾದರೇನು, ನಮ್ಮ ಜಾತಿಯವರೇ ಆದರೇನು? ನಮ್ಮ ಮತ ಅವರಿಗಿಲ್ಲ.