ಬೆರಳಚ್ಚಿನ ಶಿಕ್ಷಣದಲ್ಲಿ ಆಟದ ಸ್ಥಾನ

ಶಾಲೆಯ ಗಣಕಯಂತ್ರದ ಮುಂದೆ ಬಾಲಿಕೆಯರು ಆಟವಾಡುತ್ತಿರುವುದನ್ನು ಕಂಡಾಗ ಪೋಷಕರಲ್ಲಿ ಅನೇಕರ ಮನಸ್ಸು ಕಳವಳಗೊಳ್ಳುವುದು ಸಹಜವೇ. ಮಕ್ಕಳನ್ನು ಶಾಲೆಗೆ ಕಳುಹಿಸುವುದು ವಿದ್ಯೆಗಾಗಿಯೇ ಹೊರತು ಆಟಕ್ಕಲ್ಲವೆಂದು ಅವರು ಹೇಳುವರು. ಈ ಮಾತಿನಲ್ಲಿ ನ್ಯಾಯವಿಲ್ಲದೆ ಇಲ್ಲ. ಆದರೂ ಬೆರಳಚ್ಚಿನ ಅಭ್ಯಾಸದಲ್ಲಿ ಆಟವು ಉಪಾಧ್ಯಾಯಿನಿಯ ಕೈಗೆ ಒದಗಿದ ಉತ್ತಮ ಸಾಧನವೆಂದೂ, ಕೆಲವು ನಿಯಮಗಳಿಗೆ ಒಳಪಟ್ಟಲ್ಲದೆ ಅದು ಫಲ ಕೊಡಲಾರದೆಂದೂ ನಾವು ನಂಬುತ್ತೇವೆ. ಈ ನಂಬಿಕೆಯ ಕಾರಣಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಹಾಗೂ ಪೋಷಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಬೆರಳಚ್ಚು ವಿದ್ಯೆಗೂ ಸ್ತ್ರೀಯರ ಏಳಿಗೆಗೂ ಹಳೆಯ ನಂಟುಂಟು. ಅಮೇರಿಕದ ಷೋಲ್ಸ್ ಎಂಬವರು ಮತ್ತು ಅವರ ಸಂಗಡಿಗರು 1868ರಲ್ಲಿ ಹಕ್ಕು ಪಡೆದ ಯಂತ್ರವು 1874ರಲ್ಲಿ ರೆಮಿಂಗ್ಟನ್ ಸಂಸ್ಥೆಯ ಮೂಲಕ ಮಾರಾಟಕ್ಕೆ ಬಂದಿತು. 1881ರಲ್ಲಿಯೇ ನ್ಯೂಯಾರ್ಕಿನ ಕ್ರೈಸ್ತ ಯುವತಿಯರ ಸಂಘವು ತರುಣಿಯರಿಗೆ ಈ ವಿದ್ಯೆಯನ್ನು ಕಲಿಸಲಾರಂಭಿಸಿತು. ಅದುವರೆಗೆ ಗಂಡಸರಿಗೇ ಮೀಸಲಾಗಿದ್ದ ಕಚೇರಿಗಳ ಬಾಗಿಲು ಕ್ರಮೇಣ ಹೆಂಗಸರಿಗೂ ತೆರೆಯಿತು. ನಮ್ಮ ನಾಡಿನಲ್ಲಿಯೂ ಬೆರಳಚ್ಚಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ತಮ್ಮ ಕುಟುಂಬವನ್ನು ಪೋಷಿಸಿದ ಸಹೋದರಿಯರು ಎಷ್ಟೋ ಮಂದಿ.

ಈಗ ಆ ಹಳೆಯ ಯಂತ್ರವು ಮೂಲೆ ಸೇರಿದೆಯಾದರೂ ಅದರ ಕೀಲಿಮಣೆಯು ಹಾಗೆಯೇ ಉಳಿದಿದೆ. ಕೇಂದ್ರ ಸಿಬ್ಬಂದಿ ನೇಮಕಾತಿ ಆಯೋಗವು ಗುಮಾಸ್ತೆಯ ಹುದ್ದೆಗೆ ಇಂಗ್ಲಿಷಿನಲ್ಲಾದರೆ ನಿಮಿಷಕ್ಕೆ 35 ಪದ, ಹಿಂದಿಯಲ್ಲಾದರೆ 30 ಪದಗಳ ವೇಗವನ್ನು ಗಣಕಯಂತ್ರದ ಮೇಲೆಯೇ ಪರೀಕ್ಷಿಸುತ್ತದೆ. ಆಡಿದ ಮಾತನ್ನು ಯಂತ್ರವೇ ಬರೆದುಕೊಳ್ಳುವ ಈ ಕಾಲದಲ್ಲಿ ಬೆರಳಿನ ಶ್ರಮವೇಕೆಂದು ಕೆಲವರು ಕೇಳಬಹುದು. ಬರೆದುದನ್ನು ತಿದ್ದುವುದಕ್ಕೂ, ಹತ್ತು ಜನರಿರುವ ಕೋಣೆಯಲ್ಲಿ ಮೌನವಾಗಿ ಕೆಲಸಮಾಡುವುದಕ್ಕೂ ಬೆರಳುಗಳೇ ಬೇಕೆಂಬುದು ನಮ್ಮ ಉತ್ತರ.

ಈ ವಿದ್ಯೆಯ ತಿರುಳು ಕೀಲಿಮಣೆಯನ್ನು ನೋಡದೆ ಬರೆಯುವುದರಲ್ಲಿದೆ. 1888ರಲ್ಲಿ ಸಿನ್ಸಿನಾಟಿ ನಗರದ ಸ್ಪರ್ಧೆಯೊಂದರಲ್ಲಿ ಮೆಕ್‌ಗರಿನ್ ಎಂಬ ಶೀಘ್ರಲಿಪಿಕಾರರು ಕೀಲಿಗಳ ಕಡೆಗೆ ಕಣ್ಣು ಹಾಯಿಸದೆ ಬರೆದು ಜಯಗಳಿಸಿದರು. ಅಂದಿನಿಂದ ಆ ಕ್ರಮಕ್ಕೆ ಮನ್ನಣೆ ದೊರೆಯಿತು. ಎಡಗೈಯ ನಾಲ್ಕು ಬೆರಳುಗಳೂ ಬಲಗೈಯ ನಾಲ್ಕು ಬೆರಳುಗಳೂ ನಡುಸಾಲಿನಲ್ಲಿ ನೆಲೆಸಿ, ತಮತಮಗೆ ನೇಮಿಸಿದ ಕೀಲಿಗಳನ್ನು ಮಾತ್ರ ಒತ್ತಿ ಮತ್ತೆ ಸ್ವಸ್ಥಾನಕ್ಕೆ ಹಿಂದಿರುಗತಕ್ಕದ್ದು. ಇದು ಬುದ್ಧಿಯಿಂದ ಒಂದು ದಿನದಲ್ಲಿ ತಿಳಿಯುವ ಸಂಗತಿ. ಬೆರಳಿಗೆ ತಿಳಿಯಬೇಕಾದರೆ ಸಾವಿರ ಸಲ ಮಾಡಬೇಕು. ಅದೇ ನಾಲ್ಕಕ್ಷರಗಳನ್ನು ಪುಟದ ತುಂಬ ಬರೆದು ಬೇಸತ್ತ ನೆನಪು ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರಿಗೆ ಇರಬಹುದು. ಆಡುತ್ತಾ ಆಡುತ್ತಾ ಭಾಷೆ, ಹಾಡುತ್ತಾ ಹಾಡುತ್ತಾ ರಾಗವೆಂಬ ಗಾದೆಯು ಇಲ್ಲಿಗೂ ಸಲ್ಲುತ್ತದೆ.

ಆ ಬೇಸರವನ್ನು ಕಳೆಯುವುದೇ ಆಟದ ಉಪಕಾರ. 1981ರಲ್ಲಿ ಆಪಲ್ ಯಂತ್ರಕ್ಕಾಗಿ ಹೊರಬಂದ ಮಾಸ್ಟರ್‌ಟೈಪ್ ಎಂಬ ಆಟದಲ್ಲಿ ನಾಲ್ಕು ಮೂಲೆಗಳಿಂದ ಪದಗಳು ಶತ್ರುಗಳಂತೆ ಮೇಲೆ ಬರುತ್ತಿದ್ದವು. ತಪ್ಪಿಲ್ಲದೆ ಬರೆದರೆ ಅವು ನಾಶವಾಗುತ್ತಿದ್ದವು. 1987ರಲ್ಲಿ ಪ್ರಕಟವಾದ ಮೇವಿಸ್ ಬೀಕನ್ ಎಂಬ ಪಾಠಮಾಲೆಯು ಬಹು ಪ್ರಸಿದ್ಧವಾಯಿತು. ಆ ಹೆಸರಿನ ಗುರುವು ಕೇವಲ ಕಲ್ಪಿತಳಾದರೂ ನಿಜವಾದ ಉಪಾಧ್ಯಾಯಿನಿಯೆಂದು ನಂಬಿದವರು ಅನೇಕರು. ಪದಗಳು ಮೇಲಿನಿಂದ ಬೀಳುವ ಆಟದಲ್ಲಿ ಬಾಲಿಕೆಯ ಕಣ್ಣು ಪರದೆಯ ಮೇಲೆಯೇ ನಿಲ್ಲಬೇಕಾಗುತ್ತದೆ. ಕೆಳಗೆ ನೋಡಿದರೆ ಪದವು ಕೈತಪ್ಪುವುದು. ತಪ್ಪು ಆದ ಕ್ಷಣದಲ್ಲಿಯೇ ತಿಳಿಯುತ್ತದೆ. ನಾಲ್ಕು ಜನರ ಮುಂದೆ ಬೈಗುಳ ತಿನ್ನಬೇಕಾದ ಸಂಕೋಚವಿಲ್ಲ. ನಾಚಿಕೆಯ ಸ್ವಭಾವದ ಮಕ್ಕಳಿಗೆ ಇದು ಸಣ್ಣ ಲಾಭವಲ್ಲ.

ಆದರೆ ಆಟದಲ್ಲಿ ಒಂದು ಮೋಸವೂ ಅಡಗಿದೆ. ಯಂತ್ರವು ಯಾವ ಕೀಲಿ ಒತ್ತಲ್ಪಟ್ಟಿತೆಂಬುದನ್ನು ಬಲ್ಲದು. ಯಾವ ಬೆರಳು ಒತ್ತಿತೆಂಬುದನ್ನು ಅರಿಯದು. ಎರಡೇ ಬೆರಳುಗಳಿಂದ ಹುಡುಕಿ ಹುಡುಕಿ ಒತ್ತುವ ಮಗುವೂ ಆರಂಭದ ಸುತ್ತುಗಳಲ್ಲಿ ಗೆಲ್ಲಬಲ್ಲದು. ಗೆಲುವಿನ ಸಂತೋಷದಲ್ಲಿ ಕೆಟ್ಟ ಚಾಳಿಯು ಬೇರೂರುವುದು. ಆದಕಾರಣ ಉಪಾಧ್ಯಾಯಿನಿಯು ಪರದೆಯ ಅಂಕಗಳಿಗಿಂತ ಮಕ್ಕಳ ಕೈಗಳನ್ನೇ ಹೆಚ್ಚಾಗಿ ನೋಡಬೇಕು. ಬೆರಳುಗಳ ನೆಲೆ ಕಲಿತ ಮೇಲೆಯೇ ಆಟವನ್ನು ಕೊಡಬೇಕು. ಮೊದಲು ಶುದ್ಧಿ, ಆಮೇಲೆ ವೇಗ. ದಿನಕ್ಕೆ ಕಾಲು ಗಂಟೆ ಸಾಕು. ಪಾಠ ಮುಗಿಸಿದ ಜಾಣೆಯರಿಗೆ ಬಹುಮಾನವಾಗಿ ಆಟವನ್ನು ಕೊಟ್ಟು, ಹಿಂದುಳಿದವರನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲವೆಂಬಂತೆ ಕೂರಿಸುವುದು ಸರ್ವಥಾ ಸಲ್ಲದು. ಅಭ್ಯಾಸ ಬೇಕಾದದ್ದು ಹಿಂದುಳಿದವಳಿಗೇ ಅಲ್ಲವೆ?

ನಮ್ಮನ್ನು ಹೆಚ್ಚಾಗಿ ಚಿಂತೆಗೀಡುಮಾಡುವ ವಿಷಯ ಮತ್ತೊಂದಿದೆ. ಪ್ರಸಿದ್ಧವಾದ ಆಟಗಳು ಬಹುಮಟ್ಟಿಗೆ ಇಂಗ್ಲಿಷಿಗಾಗಿ ರಚಿತವಾದವು. ಆ ಭಾಷೆಯಲ್ಲಿ ಒಂದು ಅಕ್ಷರಕ್ಕೆ ಒಂದು ಕೀಲಿ. ಕನ್ನಡದಲ್ಲಿ ಹಾಗಲ್ಲ. 'ಅಮ್ಮ' ಎಂಬ ಎರಡಕ್ಷರದ ಪದಕ್ಕೆ ನಾಲ್ಕು ಒತ್ತುಗಳು ಬೇಕು. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಆರು. ಅಕ್ಷರಗಳನ್ನೆಣಿಸಿ ಅಂಕ ಕೊಡುವ ಆಟವು ಕನ್ನಡದ ಬಾಲಿಕೆಗೆ ಅನ್ಯಾಯವನ್ನೇ ಮಾಡುವುದು. ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯಲ್ಲಿ ಒತ್ತಕ್ಷರವನ್ನು ಕೂಡಿಸುವ ಕೀಲಿಯು ಎಡಗೈಯ ತೋರುಬೆರಳು ವಿಶ್ರಮಿಸುವ ಸ್ಥಳದಲ್ಲಿಯೇ ಇದೆ. ಇಷ್ಟು ಅನುಕೂಲವಾದ ಏರ್ಪಾಡು ಇದ್ದೂ ನಮ್ಮ ಮಕ್ಕಳು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿರುವುದು ವ್ಯಸನಕರವಾದ ಸಂಗತಿ. 1843ರಲ್ಲಿ ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದವರು ಬಾಸೆಲ್ ಮಿಶನಿನ ಮೋಗ್ಲಿಂಗರು. 1894ರಲ್ಲಿ ಕಿಟ್ಟೆಲರ ಮಹಾಕೋಶವು ಮಂಗಳೂರಿನಲ್ಲಿಯೇ ಅಚ್ಚಾಯಿತು. ಕನ್ನಡದ ಅಚ್ಚಿಗಾಗಿ ಮಿಶನರಿಗಳು ಅಷ್ಟು ದುಡಿದಿರುವಾಗ, ಮಿಶನ್ ಶಾಲೆಯ ಬಾಲಿಕೆಯರು ಕನ್ನಡದ ಕೀಲಿಮಣೆಯನ್ನು ಅರಿಯದೆ ಹೊರಹೋಗುವುದು ಶೋಭಿಸುವುದೆ?

ಹಣವಿಲ್ಲವೆಂಬ ನೆವವೂ ಇಲ್ಲಿ ನಿಲ್ಲದು. ಜಿಕಾಂಪ್ರಿ, ಟಕ್ಸ್ ಟೈಪಿಂಗ್ ಮುಂತಾದ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಎರಡನೆಯದರಲ್ಲಿ ಉಪಾಧ್ಯಾಯಿನಿಯು ತಾನೇ ಆರಿಸಿದ ಪದಗಳ ಪಟ್ಟಿಯನ್ನು ಸೇರಿಸಲೂಬಹುದು. ಹಳೆಯ ವಿದ್ಯಾರ್ಥಿನಿಯರಲ್ಲಿ ತಂತ್ರಾಂಶದ ಉದ್ಯೋಗದಲ್ಲಿರುವವರು ಒಂದಾಗಿ, ಒತ್ತುಗಳನ್ನು ನ್ಯಾಯವಾಗಿ ಎಣಿಸುವ ಕನ್ನಡದ ಆಟವೊಂದನ್ನು ತಮ್ಮ ತಂಗಿಯರಿಗಾಗಿ ರಚಿಸಿಕೊಟ್ಟರೆ ಅದಕ್ಕಿಂತ ಉತ್ತಮವಾದ ಗುರುದಕ್ಷಿಣೆ ಮತ್ತಾವುದಿದೆ?

ಪೋಷಕರಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಎಷ್ಟೋ ಮನೆಗಳಲ್ಲಿ ಗಣಕಯಂತ್ರವೇ ಇಲ್ಲ. ಇರುವ ಮನೆಗಳಲ್ಲಿಯೂ ಮೊದಲ ಸರದಿ ಗಂಡುಮಕ್ಕಳದೇ ಆಗುವುದುಂಟು. ಕೈಯಲ್ಲಿ ಹಿಡಿಯುವ ದೂರವಾಣಿಯಲ್ಲಿ ಹೆಬ್ಬೆರಳೊಂದೇ ಪಳಗುವುದು. ಹೀಗಿರಲು ಹತ್ತು ಬೆರಳುಗಳನ್ನೂ ಪಳಗಿಸಿಕೊಳ್ಳಲು ಇಂಥ ಬಾಲಿಕೆಗೆ ಶಾಲೆಯ ಆ ಕಾಲು ಗಂಟೆಯೇ ಆಧಾರ. ಅದನ್ನು ಆಟವೆಂದು ಹಳಿದು ಕಸಿದುಕೊಳ್ಳಬಾರದು. ತಲಾಂತನ್ನು ನೆಲದಲ್ಲಿ ಹೂತಿಟ್ಟ ಸೇವಕನ ಸಾಮ್ಯವನ್ನು ನಾವೆಲ್ಲರೂ ಬಲ್ಲೆವು. ದೇವರು ಪ್ರತಿಯೊಬ್ಬ ಬಾಲಿಕೆಗೂ ಹತ್ತು ಬೆರಳುಗಳನ್ನು ದಯಪಾಲಿಸಿದ್ದಾನೆ. ಅವುಗಳನ್ನು ಕೆಲಸಕ್ಕೆ ಹಚ್ಚುವ ಹೊಣೆ ಶಾಲೆಯದೂ ಮನೆಯದೂ ಕೂಡಿಯೇ ಇದೆ.