ಪಾದಚಿಕಿತ್ಸೆಯೆಂಬ ವೃತ್ತಿ

ಗಂಗಾವತಿ ಸೀಮೆಯ ಮರಳಿಯಂತಹ ಊರಿನಲ್ಲಿ ತರುಣನೊಬ್ಬನು ತಂದೆಯ ಮುಂದೆ ನಿಂತು, ಓಟಗಾರರ, ಕಬಡ್ಡಿಯಾಡುವವರ ಪಾದಗಳಿಗೆ ಚಿಕಿತ್ಸೆ ಮಾಡುವ ವಿದ್ಯೆಯನ್ನು ಕಲಿಯುವೆನೆಂದರೆ ಏನಾದೀತು? ತಂದೆಯು ನಕ್ಕಾನು, ನೆರೆಯವರು 'ಕಾಲು ಹಿಡಿಯುವುದಕ್ಕೆ ಕಾಲೇಜೇಕೆ?' ಎಂದಾರು. ಹಿರಿಯರ ಪಾದಕ್ಕೆರಗುವ, ಪಾದುಕೆಗಳಿಗೆ ಪಟ್ಟ ಕಟ್ಟಿದ ಭರತನನ್ನು ಕೊಂಡಾಡುವ ಜನರು ನಾವು. ಪಾದವನ್ನು ಮುಟ್ಟಿ ವಾಸಿಮಾಡುವ ಕೆಲಸ ಮಾತ್ರ ನಮಗೆ ಹೀನವಾಗಿ ತೋರುತ್ತದೆ. ಈ ಭಾವನೆಯ ಬೇರು ಎಲ್ಲಿದೆಯೆಂಬುದನ್ನು, ಪಾದರಕ್ಷೆ ಹೊಲಿಯುವವನನ್ನು ಊರ ಹೊರಗಿಟ್ಟ ಸಮಾಜಕ್ಕೆ ಬಿಡಿಸಿ ಹೇಳಬೇಕಾಗಿಲ್ಲ.

1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಪಂದ್ಯದಲ್ಲಿ ಒಕ್ಕಲು ಮಕ್ಕಳು ಬರಿಗಾಲಿನಲ್ಲಿ ಓಡಿದುದನ್ನು ದೊರಾಬ್ಜಿ ಟಾಟಾ ಅವರು ಕಂಡರು. ಮರುವರ್ಷವೇ ಆಂಟ್‌ವರ್ಪ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಬೆಳಗಾವಿ ಸೀಮೆಯ ಫಡೆಪ್ಪ ಚೌಗುಲೆಯವರು 19ನೆಯವರಾಗಿ ಗುರಿಮುಟ್ಟಿದರು. ನಮ್ಮವರ ಕಾಲಿನಲ್ಲಿ ಬಲವಿಲ್ಲವೆಂದು ಯಾರೂ ಹೇಳಲಾರರು. ಆ ಕಾಲನ್ನು ಕಾಪಾಡುವವರಿಲ್ಲವೆಂಬುದೇ ನಮ್ಮ ದೂರು.

ಒಂದೊಂದು ಪಾದದಲ್ಲಿಯೂ 26 ಎಲುಬುಗಳೂ 33 ಕೀಲುಗಳೂ ಇವೆ. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು ಮೂರು ಪಟ್ಟು ಭಾರವು ಬೀಳುತ್ತದೆ. ಹಿಮ್ಮಡಿಯ ನೋವು, ಕಾಲು ಉಳುಕುವುದು, ಓಡಿ ಓಡಿ ದಣಿದ ಎಲುಬು ಕೂದಲೆಳೆಯಷ್ಟು ಬಿರಿಯುವುದು, ಇವೆಲ್ಲಕ್ಕೂ ನಮ್ಮಲ್ಲಿ ಎಣ್ಣೆ ಹಚ್ಚಿ ನೀವುವುದೊಂದೇ ಮದ್ದು. ಬಿರಿದ ಎಲುಬಿಗೆ ಬೇಕಾದುದು ನೀವುವ ಕೈಯಲ್ಲ, ವಿಶ್ರಾಂತಿ. ಈ ವಿದ್ಯೆಯನ್ನು ಬಲ್ಲವನು ನಡಿಗೆಯನ್ನೂ ಓಟವನ್ನೂ ಪರೀಕ್ಷಿಸಿ, ಪಾದಕ್ಕೊಪ್ಪುವ ಮೆತ್ತೆಯನ್ನು ಮಾಡಿಸಿ, ತಕ್ಕ ವ್ಯಾಯಾಮವನ್ನು ಕಲಿಸಿ, ಎಷ್ಟು ದಿನ ಓಡಬಾರದೆಂಬುದನ್ನೂ ಹೇಳುತ್ತಾನೆ. ಆಟಗಾರನಿಗೆ ರುಚಿಸದ ಮಾತೆಂದರೆ ಈ ಕಡೆಯದೇ!

ಹಾದಿಯು ಸುಗಮವಾಗಿದೆಯೆಂದು ಹೇಳಿ ತರುಣರನ್ನು ಮರುಳುಗೊಳಿಸುವುದು ನಮಗೆ ಸಮ್ಮತವಲ್ಲ. ಬ್ರಿಟನ್, ಆಸ್ಟ್ರೇಲಿಯಗಳಲ್ಲಿ ಇದಕ್ಕೆ ಮೂರು ನಾಲ್ಕು ವರ್ಷಗಳ ಸ್ವತಂತ್ರ ಪದವಿಯುಂಟು. ನಮ್ಮಲ್ಲಿ ವೈದ್ಯ ಪದವಿಯನ್ನೋ ಫಿಸಿಯೋಥೆರಪಿಯನ್ನೋ ಮುಗಿಸಿ, ಅನಂತರ ಪಾದದ ಕಡೆಗೂ ಕ್ರೀಡಾವೈದ್ಯದ ಕಡೆಗೂ ತಿರುಗುವುದೇ ವಾಡಿಕೆ. ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್ ಎಂಬ ಸರಕಾರಿ ಸಂಸ್ಥೆಯಲ್ಲಿ ಪಾದಚಿಕಿತ್ಸೆಗೆಂದೇ ವಿಭಾಗವಿದೆ. ಆದರೆ ಅಲ್ಲಿಯ ಮುಖ್ಯ ಚಿಂತೆ ಸಕ್ಕರೆರೋಗಿಗಳ ಪಾದವೇ ಹೊರತು ಓಟಗಾರನದಲ್ಲ. ಮೊದಮೊದಲು ಸಂಪಾದನೆ ಅಲ್ಪ, ವಿವರಿಸಿ ಹೇಳುವ ಶ್ರಮವೇ ಅಧಿಕ. ಹೀಗಿದ್ದರೂ, 2021ರಲ್ಲಿ ಪಾರ್ಲಿಮೆಂಟು ಆರೋಗ್ಯಸೇವೆಯ ಸಹಾಯಕ ವೃತ್ತಿಗಳಿಗಾಗಿ ಮಾಡಿದ ಕಾಯಿದೆಯ ಅನುಸೂಚಿಯಲ್ಲಿ ಪಾದಚಿಕಿತ್ಸಕನ ಹೆಸರು ಸೇರಿದೆ. ಶಾಸನವು ಗುರುತಿಸಿದ ವೃತ್ತಿಯನ್ನು ಮನೆಯವರು ಗುರುತಿಸಲು ಹಿಂಜರಿಯುವುದೇಕೆ?

ಸರಕಾರದ ಪಾಲೂ ಇದೆ. ಕೊಪ್ಪಳದಲ್ಲಿ 2015ರಿಂದ ಸರಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಶಾಲೆಗಳ ಓಟಗಾರರಿಗಾಗಿ ಅಲ್ಲಿ ವಾರಕ್ಕೊಂದು ದಿನ ಪಾದಪರೀಕ್ಷೆಯ ಏರ್ಪಾಡಾದರೆ ಖರ್ಚು ಹೆಚ್ಚೇನೂ ಆಗದು. ಈ ವಿದ್ಯೆಯತ್ತ ಮನಸ್ಸುಳ್ಳ ನಾಲ್ವರು ವಿದ್ಯಾರ್ಥಿಗಳಿಗೆ ಕೈಪಳಗುವ ಸ್ಥಳವೂ ಅದೇ ಆದೀತು. ಮುಂದಿನ ತಾಲ್ಲೂಕು ಕ್ರೀಡಾಕೂಟಗಳು ಆರಂಭವಾಗುವುದರೊಳಗಾಗಿ ಈ ಏರ್ಪಾಡು ಆಗಬೇಕೆಂದು ಜಿಲ್ಲೆಯ ಅಧಿಕಾರಿಗಳನ್ನು ನಾವು ಒತ್ತಾಯಿಸುತ್ತೇವೆ.