ಪಾರ್ಸಲ್‌ಗೆ ಪಾತ್ರೆ ಒಯ್ಯೋಣ

2021ರ ಮೇ 10ರಿಂದ ರಾಜ್ಯದಲ್ಲಿ ಕೊರೊನಾ ಲಾಕ್‌ಡೌನ್ ಬಿಗಿಯಾದಾಗ ಹೋಟೆಲ್‌ಗಳ ಒಲೆ ಆರಲಿಲ್ಲ. ಪಾರ್ಸಲ್ ಕೊಡಬಹುದು, ಆದರೆ ತರಲು ಗಾಡಿ ತೆಗೆಯುವಂತಿಲ್ಲ, ನಡೆದೇ ಹೋಗಬೇಕು ಎಂದಿತು ಸರ್ಕಾರ. ನಮ್ಮ ತುಮಕೂರಿನ ಮರಳೂರಿನಂಥ ಬಡಾವಣೆಗಳ ಸಣ್ಣ ಹೋಟೆಲ್‌ಗಳಿಗೆ ಅಕ್ಕಪಕ್ಕದ ಮನೆಗಳೇ ಗಿರಾಕಿಗಳಾದವು.

ನಮ್ಮ ತಟ್ಟೆ ಇಡ್ಲಿ ಪಾರ್ಸಲ್‌ಗೆ ಒಗ್ಗುವ ತಿಂಡಿಯೇ ಅಲ್ಲ. ಕ್ಯಾತ್ಸಂದ್ರದಲ್ಲಿ ಹಬೆಯಾಡುವಾಗಲೇ ಬೆಣ್ಣೆ ಹಾಕಿಸಿಕೊಂಡು ತಿನ್ನಬೇಕಾದ್ದು, ಕವರಿನೊಳಗೆ ಬೆವರಿ, ಮನೆ ಸೇರುವಷ್ಟರಲ್ಲಿ ಅಂಟಂಟಾಗುತ್ತದೆ. ಆದರೂ ಜನ ಕೊಂಡರು. ಕಷ್ಟಕಾಲದಲ್ಲಿ ಹೋಟೆಲ್ ಕೆಲಸಗಾರರ ಕೈಹಿಡಿದ ಈ ನಡೆಯನ್ನು ಮರೆಯಲಾಗದು.

ಸೋಂಕು ತಗ್ಗಿದರೂ ಪಾರ್ಸಲ್ ರೂಢಿ ಉಳಿಯಿತು, ಜೊತೆಗೆ ಕುದಿಯುವ ಸಾಂಬಾರು ಸುರಿಯುವ ತೆಳು ಕವರೂ. ಪ್ಲಾಸ್ಟಿಕ್ ಕವರನ್ನು ರಾಜ್ಯ 2016ರಲ್ಲೇ ನಿಷೇಧಿಸಿದೆ. ಹಾಗೆಂದು ಬಿಸಿ ತಿಂಡಿಯನ್ನು ಪತ್ರಿಕೆಯಲ್ಲಿ ಕಟ್ಟಿದರೆ ಮುದ್ರಣದ ಶಾಯಿ ಆಹಾರಕ್ಕೆ ಇಳಿಯುತ್ತದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಎಚ್ಚರಿಸಿದೆ. ಪತ್ರಿಕೆಯವರಾದ ನಾವೂ ಅದನ್ನೇ ಹೇಳಬೇಕು: ಇದರಲ್ಲಿ ಇಡ್ಲಿ ಕಟ್ಟಿಸಿಕೊಳ್ಳಬೇಡಿ. ಅಡುಗೆಮನೆಯ ಅಟ್ಟದಲ್ಲಿರುವ ಸ್ಟೀಲ್ ಕ್ಯಾರಿಯರ್ ಕೆಳಗಿಳಿಸಿ. ಕೆಳಗಿನ ಡಬ್ಬಿಗೆ ಸಾಂಬಾರು, ಮೇಲಿನದಕ್ಕೆ ಬಾಳೆಎಲೆ ಹಾಸಿ ಇಡ್ಲಿ. ಪಾತ್ರೆ ತಂದವರಿಗೆ ಹೋಟೆಲಿನವರು ಪಾರ್ಸಲ್ ಚಾರ್ಜ್ ಬಿಡಲಿ. ಪ್ಲಾಸ್ಟಿಕ್ ಕವರಿಗೆ ದಂಡ ಹಾಕುವ ಮೊದಲು ಮಹಾನಗರ ಪಾಲಿಕೆ ಈ ಮಾತನ್ನು ಹೋಟೆಲ್ ಮಾಲೀಕರ ಜೊತೆ ಕೂತು ಆಡಲಿ.